ಬಾಯಿ ಸತ್ತವರು ಅನ್ನಬೇಡಿ



ಈ ಸಲದ ಜಗಳ ಮೇಲ್ಜಾತಿಯವರ ಜೊತೆ ಮಾತ್ರ ಅಲ್ಲ, ನಮ್ಮ ಜೊತೆಗೂ ಇದೆ. ಅದಕ್ಕೇ ಮೊದಲು ನನ್ನ ತಪ್ಪನ್ನು ಹೇಳಿಬಿಡುತ್ತೇನೆ.

ಹುಣಸೂರು ತಾಲೂಕಿನ ಒಂದು ಹಳ್ಳಿ. ಏಪ್ರಿಲ್ 14. ಕೇರಿ ಮುಂದೆ ಶಾಮಿಯಾನ ಹಾಕಿ ಬಾಬಾಸಾಹೇಬರ ಜಯಂತಿ. ಬಿ.ಎ. ಓದುತ್ತಿದ್ದ ಹುಡುಗನೊಬ್ಬನ ಹೆಸರನ್ನು ವಂದನಾರ್ಪಣೆಗೆ ಹಾಕಿದ್ದರು. ಅವನನ್ನು ಯಾರೂ ಕೇಳಿರಲಿಲ್ಲ. ಕರಪತ್ರ ಅಚ್ಚಾಗಿ ಬಂದ ಮೇಲೆ ಅವನಿಗೆ ಗೊತ್ತಾಗಿದ್ದು. ಹುಡುಗ ಮೈಕಿನ ಮುಂದೆ ಬಂದ. ಕೈಯಲ್ಲಿದ್ದ ಚೀಟಿ ಪಟಪಟ ನಡುಗುತ್ತಿತ್ತು. "ವೇದಿಕೆ ಮೇಲಿರುವ" ಅಂದ. ಮುಂದಕ್ಕೆ ಮಾತು ಹೊರಡಲಿಲ್ಲ. ಅಂಗಿ ಬೆನ್ನಿಗೆ ಅಂಟುವಷ್ಟು ಬೆವರು. ಜನ ನಗಲು ಶುರು ಮಾಡಿದರು. ನಮ್ಮ ಮುಖಂಡರೊಬ್ಬರು ಮೈಕು ಈಸ್ಕೊಂಡು, "ಬಾಬಾಸಾಹೇಬ್ರು ಲಂಡನ್ನಿಗೆ ಹೋಗಿ ದುಂಡುಮೇಜಿನ ಮುಂದೆ ಮಾತಾಡುದ್ರು, ನಮ್ ಹೈಕ್ಳಿಗೆ ಕೇರೀಲೇ ಪುಕ್ಕಲು" ಅಂದರು. ನಗು ಇನ್ನೂ ಜೋರಾಯಿತು. ವೇದಿಕೆ ಮೇಲೆ ಕೂತಿದ್ದ ನಾನೂ ನಕ್ಕೆ. ನಲವತ್ತು ವರ್ಷದ ಹಿಂದೆ ಹಾಗೇ ಮೈಕಿನ ಮುಂದೆ ನಡುಗಿ ನಿಂತಿದ್ದವನು ನಾನು. ಆದರೂ ನಕ್ಕೆ.

ಹುಡುಗ ಶಾಮಿಯಾನದ ಹಿಂದಿನಿಂದ ಹೊರಟುಹೋದ. ಆಮೇಲೆ ಸಂಘದ ಕಡೆ ತಲೆ ಹಾಕಲಿಲ್ಲ. ಕಾಲೇಜಿಗೂ ಹೋಗಲಿಲ್ಲ. ಕೇರಿಯವರು "ಬಾಯಿ ಸತ್ತೋನು" ಅಂತ ಹೆಸರಿಟ್ಟರು. ಅವನ ಅವ್ವ ಮಾತ್ರ ದೃಷ್ಟಿ ತೆಗೆಸಿದಳು, ಅಂತ್ರ ಕಟ್ಟಿಸಿದಳು, ಹರಕೆ ಹೊತ್ತಳು. ನಾವು ಓದಿದವರು, ವಿಚಾರವಾದಿಗಳು, ಅಂತ್ರ ನೋಡಿ ಮೂಢನಂಬಿಕೆ ಅಂದೆವು. ಆದರೆ ಮಗನಿಗೆ ಏನೋ ಆಗಿದೆ, ಅದಕ್ಕೆ ಮದ್ದು ಬೇಕು ಅಂತ ತಿಳಿದು ಓಡಾಡಿದವಳು ಆ ಅವ್ವ ಒಬ್ಬಳೇ. ಅವಳಿಗೆ ಗೊತ್ತಾದಷ್ಟು ನಮಗೆ ಗೊತ್ತಾಗಲಿಲ್ಲ.

ನಾನು ಹೇಳಬೇಕಾದ್ದು ಇದು: ನಾಲ್ಕು ಜನರ ಕಣ್ಣಿಗೆ ಬೀಳುವ ಭಯ ಕೆಲವರಲ್ಲಿ ಕಾಯಿಲೆಯಾಗಿ ಬೆಳೆಯುತ್ತದೆ. ನಮ್ಮ ಕೇರಿಗಳಲ್ಲೂ ಬೆಳೆದಿದೆ. ಊರಿನವರು ಅದನ್ನು ವಿನಯ ಅಂದರು, ನಾವು ಅದನ್ನು ಹೇಡಿತನ ಅಂದೆವು. ಊರಿನವರಿಗೆ ತಲೆ ತಗ್ಗಿಸಿದ ಹೊಲೆಯ ಮಾದಿಗ ಬೇಕಾಗಿದ್ದ, ನಮಗೆ ಭಾಷಣಕಾರ ಬೇಕಾಗಿದ್ದ. ನಡುವೆ ನಡುಗುತ್ತಾ ನಿಂತ ಮನುಷ್ಯನನ್ನು "ಏನಾಯ್ತಪ್ಪ ನಿಂಗೆ" ಅಂತ ಕೇಳಿದವರಿಲ್ಲ.

ನನ್ನ ಕತೆ ಸ್ವಲ್ಪ ಕೇಳಿ. 1978. ಪಿರಿಯಾಪಟ್ಟಣದ ಕಡೆಯ ಒಂದು ಹೈಸ್ಕೂಲು, ಎಂಟನೇ ಕ್ಲಾಸು. ಸ್ಕಾಲರ್‌ಷಿಪ್ಪಿನ ಫಾರಂ ಬಂದ ದಿನ ಮೇಷ್ಟ್ರು "ಹರಿಜನ ಹುಡುಗ್ರೆಲ್ಲಾ ಎದ್ದು ನಿಂತ್ಕಳ್ರೊ" ಅಂದರು. ಏಳು ಜನ ಎದ್ದೆವು. ಅದುವರೆಗೆ ನನ್ನ ಪಕ್ಕ ಕೂತು ಹುಣಿಸೆಹಣ್ಣು ಹಂಚಿಕೊಂಡು ತಿನ್ನುತ್ತಿದ್ದವನು ಅವತ್ತು ಒಂದು ಗೇಣು ಸರಿದು ಕೂತ. ಅಷ್ಟೇ ಆಗಿದ್ದು. ಯಾರೂ ಹೊಡೆಯಲಿಲ್ಲ, ಬೈಯಲಿಲ್ಲ. ಆದರೆ ಮಾರನೇ ದಿನದಿಂದ ಹಾಜರಿ ಕೂಗುವಾಗ, ನನ್ನ ನಂಬರಿಗೆ ಇನ್ನೂ ಹತ್ತು ನಂಬರು ಇರುವಾಗಲೇ ಎದೆ ಡವಡವ. ನಾಲಿಗೆ ಒಣಗೋದು. "ಹಾಜರ್ ಸಾರ್" ಅನ್ನುವ ಎರಡು ಮಾತು ಗಂಟಲಲ್ಲಿ ಸಿಕ್ಕಿಕೊಳ್ಳೋದು.

ಆಮೇಲೆ ನಾನು ಏನು ಮಾಡಿದೆ ಅಂತ ಗಮನಿಸಿ. ಈ ಕಾಯಿಲೆ ಬೆಳೆಯೋದೇ ಹಾಗೆ. ಹಾಜರಿ ಮುಗಿದ ಮೇಲೆ ಹೋಗುತ್ತಿದ್ದೆ. ತಡವಾಗಿ ಬಂದವನನ್ನು ಮೇಷ್ಟ್ರು ಬಾಗಿಲಲ್ಲೇ ನಿಲ್ಲಿಸುತ್ತಿದ್ದರು, ಅದು ಇನ್ನೂ ಘೋರ. ಆಮೇಲೆ ಇಸ್ಕೂಲಿಗೇ ಹೋಗದೆ ಕೆರೆ ಏರಿ ಮೇಲೆ ಕೂತೆ. ಹೊಗೆಸೊಪ್ಪಿನ ಕಾಲದಲ್ಲಿ ಬ್ಯಾರನ್ನಿನ ಹತ್ತಿರ ಸೊಪ್ಪು ಕಟ್ಟುವ ಕೂಲಿಗೆ ಹೋದೆ. ಬ್ಯಾರನ್ನಿನ ಬೆಂಕಿ ಕ್ಲಾಸಿನ ಐವತ್ತು ಜೊತೆ ಕಣ್ಣಿಗಿಂತ ತಣ್ಣಗಿತ್ತು. ತಪ್ಪಿಸಿಕೊಂಡ ದಿನ ಜೀವ ಹಗುರ ಆಗೋದು. ಮಾರನೇ ದಿನ ಭಯ ಎರಡರಷ್ಟು. "ಹುಡುಗ ಸೋಮಾರಿ" ಅಂದರು ಮೇಷ್ಟ್ರು. "ಕೂಲಿ ರುಚಿ ಹತ್ತದೆ" ಅಂದ ಅಪ್ಪ.

ಹೇಗೋ ಓದಿದೆ. 1980ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿಗೆ ಬಂದೆ. ಮೆರವಣಿಗೆಯಲ್ಲಿ ನೂರು ಜನರ ನಡುವೆ ಘೋಷಣೆ ಕೂಗುವಾಗ ನನ್ನ ಗಂಟಲೇ ದೊಡ್ಡದು. ಒಬ್ಬನೇ ನಿಂತು ನಾಲ್ಕು ಮಾತಾಡು ಅಂದರೆ ಹೊಟ್ಟೆ ತೊಳಸೋದು. ಅದಕ್ಕೆ ಒಂದು ಉಪಾಯ ಸಿಕ್ಕಿತು: ಭಾಷಣಕ್ಕೆ ಮುಂಚೆ ಒಂದು ಪಾಕೀಟು ಸಾರಾಯಿ. ನಡುಕ ನಿಲ್ಲೋದು, ಮಾತು ಹರಿಯೋದು. ಚೆನ್ನಾಗಿ ಮಾತಾಡ್ತಾನೆ ಅಂತ ಹೆಸರೂ ಬಂತು. ನನ್ನ ಓರಗೆಯ ಇಬ್ಬರು ಇದೇ ಉಪಾಯ ಹಿಡಿದು ಕುಡಿದೇ ತೀರಿಕೊಂಡರು. ಅವರಿಗೂ ಇದೇ ಭಯ ಇತ್ತಾ ಅಂತ ಕೇಳೋಣ ಅಂದರೆ ಈಗ ಅವರಿಲ್ಲ. ನಾನು ಮೇಷ್ಟ್ರಾದೆ. ಮಕ್ಕಳ ಮುಂದೆ ಪಾಠ ಮಾಡುತ್ತಿದ್ದೆ, ಇನ್‌ಸ್ಪೆಕ್ಟರು ಬರುವ ದಿನ ರಜಾ ಹಾಕುತ್ತಿದ್ದೆ. ಹೆಡ್‌ಮೇಷ್ಟ್ರ ಬಡ್ತಿ ಬಂದಾಗ ಬೇಡ ಅಂತ ಬರೆದುಕೊಟ್ಟೆ. ಮೀಸಲಾತಿಯ ಬಡ್ತಿಯನ್ನು ಬಿಟ್ಟುಕೊಟ್ಟ ದ್ರೋಹಿ ಅಂತ ಗೆಳೆಯರು ಮಾತು ಬಿಟ್ಟರು. ಐವತ್ತು ದಾಟಿದ ಮೇಲೆ, ನಿದ್ದೆ ಬರದೆ ಮೈಸೂರಿನ ಒಬ್ಬ ಡಾಕ್ಟರ ಹತ್ತಿರ ಹೋದಾಗ, ಅವರು ಎಲ್ಲಾ ಕೇಳಿಸಿಕೊಂಡು "ಇದಕ್ಕೆ ಒಂದು ಹೆಸರಿದೆ ಮೇಷ್ಟ್ರೇ" ಅಂದರು. ನಾನು ಅಲ್ಲೇ ಅತ್ತೆ.

ಹೆಸರು ಸಾಮಾಜಿಕ ಆತಂಕ. ಅಮೆರಿಕದ ಮನೋವೈದ್ಯರ ಸಂಘ 1980ರಲ್ಲಿ ತನ್ನ ರೋಗಪಟ್ಟಿಯ ಮೂರನೇ ಆವೃತ್ತಿಯಲ್ಲಿ ಇದನ್ನು ಸೋಷಿಯಲ್ ಫೋಬಿಯಾ ಅಂತ ಬೇರೆಯಾಗಿ ಗುರುತಿಸಿತು. 1994ರ ಆವೃತ್ತಿಯಲ್ಲಿ ಸೋಷಿಯಲ್ ಆಂಗ್ಸೈಟಿ ಅನ್ನುವ ಹೆಸರೂ ಸೇರಿತು. ಹೆಚ್ಚಿನವರಲ್ಲಿ ಇದು ಶುರುವಾಗೋದು ಹರೆಯಕ್ಕೆ ಕಾಲಿಡುವ ವಯಸ್ಸಲ್ಲಿ, ಅಂದರೆ ಹೈಸ್ಕೂಲಿನಲ್ಲಿ. ನಾಚಿಕೆ ಬೇರೆ, ಇದು ಬೇರೆ. ನಾಚಿಕೆಯವನು ಸ್ವಲ್ಪ ಹೊತ್ತು ಮುದುಡಿ ಆಮೇಲೆ ಸೇರಿಕೊಳ್ಳುತ್ತಾನೆ. ಈ ಕಾಯಿಲೆಯವನು ಇನ್ನು ಹದಿನೈದು ದಿನಕ್ಕೆ ಮಾತಾಡಬೇಕು ಅಂದರೆ ಹದಿನೈದು ರಾತ್ರಿ ನಿದ್ದೆ ಬಿಡುತ್ತಾನೆ, ಮಾತಾಡಿದ ಮೇಲೆ ಏನು ತಪ್ಪಾಯಿತು ಅಂತ ತಿಂಗಳುಗಟ್ಟಲೆ ಎಣಿಸುತ್ತಾನೆ. ಓದು ಬಿಡುತ್ತಾನೆ, ಕೆಲಸ ಬಿಡುತ್ತಾನೆ, ಮದುವೆ ಮನೆ ಸಾವಿನ ಮನೆ ಬಿಡುತ್ತಾನೆ. ಬದುಕನ್ನೇ ಕಿರಿದು ಮಾಡಿಕೊಳ್ಳುವಷ್ಟಾದರೆ ಅದು ಕಾಯಿಲೆ.

ನಿಜ ಹೇಳಬೇಕು, ಇದು ನಮ್ಮ ಜಾತಿಗೇ ಬರುವ ಕಾಯಿಲೆ ಅಲ್ಲ. ಅಗ್ರಹಾರದಲ್ಲೂ ಬರುತ್ತದೆ, ಗೌಡರ ತೊಟ್ಟಿಮನೆಯಲ್ಲೂ ಬರುತ್ತದೆ. ಅವರ ನೋವೂ ನೋವೇ. ಆದರೆ ಒಂದು ವ್ಯತ್ಯಾಸ ಇದೆ. ಡಾಕ್ಟರುಗಳ ಪುಸ್ತಕದಲ್ಲಿ ಇದಕ್ಕೊಂದು ಷರತ್ತುಂಟು: ಭಯ ನಿಜವಾದ ಅಪಾಯಕ್ಕಿಂತ ಹೆಚ್ಚಾಗಿರಬೇಕು. ಅಗ್ರಹಾರದ ಹುಡುಗನಿಗೆ ಡಾಕ್ಟರು "ಎಲ್ಲರೂ ನಿನ್ನನ್ನೇ ನೋಡ್ತಾ ಇಲ್ಲಪ್ಪ, ಅದು ನಿನ್ನ ಭ್ರಮೆ" ಅನ್ನಬಹುದು. ಹೋಟೆಲಿನಲ್ಲಿ ಬೇರೆ ಲೋಟ ಕಂಡವನಿಗೆ, ಬಾಡಿಗೆ ಮನೆ ಕೇಳಿದಾಗ "ಯಾವ ಜನ" ಅನ್ನಿಸಿಕೊಂಡವನಿಗೆ ಹಾಗೆ ಹೇಳಕ್ಕಾಗುತ್ತಾ? ನಮ್ಮನ್ನು ನಿಜವಾಗಲೂ ನೋಡುತ್ತಿದ್ದಾರೆ. ಅಳೆಯುತ್ತಿದ್ದಾರೆ.

ಬಾಬಾಸಾಹೇಬರ ಜೀವನಚರಿತ್ರೆ ಬರೆದ ಧನಂಜಯ ಕೀರ್ ಒಂದು ಪ್ರಸಂಗ ದಾಖಲಿಸಿದ್ದಾರೆ. ಬೊಂಬಾಯಿಯ ಎಲ್ಫಿನ್‌ಸ್ಟನ್ ಹೈಸ್ಕೂಲು. ಮೇಷ್ಟ್ರು ಒಂದು ಲೆಕ್ಕ ಬಿಡಿಸಲು ಹುಡುಗ ಭೀಮನನ್ನು ಕಪ್ಪು ಹಲಗೆಯ ಹತ್ತಿರ ಕರೆದರು. ಹಲಗೆಯ ಹಿಂದೆ ಮೇಲ್ಜಾತಿ ಹುಡುಗರ ಊಟದ ಡಬ್ಬಿಗಳಿದ್ದವು. ಅವನು ಅಲ್ಲಿಗೆ ತಲುಪುವ ಮುಂಚೆಯೇ ಅವರು ಗದ್ದಲ ಎಬ್ಬಿಸಿಕೊಂಡು ಓಡಿ ಡಬ್ಬಿಗಳನ್ನು ಆಚೆಗೆ ಎಳೆದುಕೊಂಡರು. ನಾವು ಭಾಷಣದಲ್ಲಿ ಈ ಕತೆ ಹೇಳಿ ಚಪ್ಪಾಳೆ ಗಿಟ್ಟಿಸುತ್ತೇವೆ. ಆದರೆ ಬೆಂಚಿನಿಂದ ಹಲಗೆಯವರೆಗಿನ ಆ ಹತ್ತು ಹೆಜ್ಜೆ ನಡೆಯುವಾಗ ಹುಡುಗನ ಎದೆ ಹೇಗೆ ಹೊಡೆದುಕೊಂಡಿರಬೇಕು ಅಂತ ಒಮ್ಮೆಯಾದರೂ ಯೋಚಿಸಿದ್ದೇವಾ? ಅವರು ಲಂಡನ್ನಿನವರೆಗೆ ನಡೆದರು ಸರಿ. ಆ ಹತ್ತು ಹೆಜ್ಜೆಯಲ್ಲೇ ಎಷ್ಟು ಮಕ್ಕಳು ಉಳಿದುಬಿಟ್ಟರೋ ಲೆಕ್ಕ ಇಟ್ಟವರಿಲ್ಲ.

ಇದು ಬರೀ ನಮ್ಮ ಊಹೆ ಅಂತ ಅನ್ನುವವರಿಗೆ ಒಂದು ಪ್ರಯೋಗದ ಸಂಗತಿ. ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಅನ್ನುವ ಇಬ್ಬರು ಅರ್ಥಶಾಸ್ತ್ರಜ್ಞೆಯರು ಉತ್ತರಪ್ರದೇಶದ ಹಳ್ಳಿಗಳಲ್ಲಿ ಮೇಲ್ಜಾತಿಯ 321, ಕೆಳಜಾತಿಯ 321 ಹುಡುಗರಿಗೆ ಕಾಗದದ ಮೇಲೆ ದಾರಿ ಹುಡುಕುವ ಒಗಟು ಬಿಡಿಸಲು ಕೊಟ್ಟರು. ಯಾರ ಜಾತಿಯನ್ನೂ ಹೇಳದಿದ್ದಾಗ ಎರಡು ಕಡೆಯವರೂ ಸಮಸಮ. ಎಲ್ಲರ ಮುಂದೆ ಹೆಸರಿನ ಜೊತೆ ಜಾತಿಯನ್ನೂ ಓದಿ ಹೇಳಿದಾಗ ಕೆಳಜಾತಿಯ ಹುಡುಗರು ಬಿಡಿಸಿದ ಒಗಟು ಎದ್ದುಕಾಣುವಷ್ಟು ಕಮ್ಮಿಯಾಯಿತು. 2004ರಲ್ಲಿ ಈ ವರದಿ ಬಂತು. ಅವರು ಕಾಯಿಲೆಯನ್ನು ಅಳೆದವರಲ್ಲ, ಆ ಹುಡುಗರು ರೋಗಿಗಳೂ ಅಲ್ಲ. ಆದರೂ ಜಾತಿ ಕೂಗಿ ಹೇಳಿದ್ದಷ್ಟಕ್ಕೇ ಮಿದುಳಿನ ಕೆಲಸ ಕೆಟ್ಟಿತು. ಮೊದಲೇ ನಡುಗುವ ಸ್ವಭಾವದ ಮಗುವಿನ ಗತಿ ಏನಾಗಿರಬೇಕು? 1978ರಲ್ಲಿ ನಮ್ಮ ಮೇಷ್ಟ್ರು ಮಾಡಿದ್ದೂ ಅದನ್ನೇ. ಅವರಿಗೆ ಅದು ಪ್ರಯೋಗವಾಗಿರಲಿಲ್ಲ, ದಿನದ ರೂಢಿಯಾಗಿತ್ತು.

ಇಲ್ಲಿ ಒಂದು ಎಚ್ಚರ ಬೇಕು. ಸುಮ್ಮನಿರುವ ಮಕ್ಕಳಿಗೆಲ್ಲ ಕಾಯಿಲೆಯ ಚೀಟಿ ಅಂಟಿಸಬಾರದು. ಎಚ್.ಡಿ. ಕೋಟೆ, ಹುಣಸೂರಿನ ಹಾಡಿಗಳ ಜೇನುಕುರುಬರ ಮಕ್ಕಳನ್ನು ನೋಡಿ. ನಾಗರಹೊಳೆ ಕಾಡಿನಿಂದ ಹೊರಹಾಕಿದ ಆದಿವಾಸಿ ಕುಟುಂಬಗಳ ಲೆಕ್ಕವನ್ನು ಹೈಕೋರ್ಟಿನ ಆದೇಶದಂತೆ ನೇಮಕವಾದ ಮುಜಾಫರ್ ಅಸ್ಸಾದಿ ಅವರ ಸಮಿತಿ ಕೊಟ್ಟಿತು: 3,418. ಮನೆಯಲ್ಲಿ ಜೇನುನುಡಿ, ಇಸ್ಕೂಲಿನಲ್ಲಿ ಪುಸ್ತಕದ ಕನ್ನಡ. ಮಗು ಬಾಯಿ ಬಿಟ್ಟರೆ ನಗು, ಬಿಡದಿದ್ದರೆ "ಕಾಡಿನ ಮಕ್ಳು, ನಾಚಿಕೆ ಜಾಸ್ತಿ" ಅನ್ನುವ ಷರಾ. ಆ ಮಗು ಸುಮ್ಮನಿರೋದು ತನ್ನ ಭಾಷೆಗೆ ಅಲ್ಲಿ ಜಾಗ ಇಲ್ಲದ್ದಕ್ಕೆ ಇರಬಹುದು. ಅದಕ್ಕೆ ಬೇಕಾದ್ದು ಜೇನುನುಡಿ ಬಲ್ಲ ಮೇಷ್ಟ್ರು. ಅದೇ ಹಾಡಿಯ ಇನ್ನೊಂದು ಮಗು ತನ್ನವರ ಮುಂದೆಯೂ ನಡುಗುತ್ತಿರಬಹುದು. ಅದಕ್ಕೆ ಡಾಕ್ಟರೂ ಬೇಕು. ಯಾವುದು ಯಾವುದು ಅಂತ ತಿಳಿಯಬೇಕಾದರೆ ಪಕ್ಕ ಕೂತು ಕೇಳಬೇಕು. ಷರಾ ಬರೆಯುವವರು ಕೂರುವುದಿಲ್ಲ.

ಹೆಣ್ಣುಮಕ್ಕಳ ಪಾಡು ಇನ್ನೊಂದು ಥರ. ಕೆ.ಆರ್. ನಗರದ ಕಡೆಯ ಒಬ್ಬ ಹುಡುಗಿ ನನ್ನ ಹಳೇ ವಿದ್ಯಾರ್ಥಿನಿ, ಬರವಣಿಗೆಯಲ್ಲಿ ಕ್ಲಾಸಿಗೇ ಮೊದಲು. ಕಾಲೇಜಿನಲ್ಲಿ ಸೆಮಿನಾರು ಮಾಡಬೇಕು ಅಂದದ್ದಕ್ಕೆ ಓದು ಬಿಟ್ಟಳು. ಬಸ್ಸಿನಲ್ಲಿ "ನಿಲ್ಸಿ" ಅನ್ನಲಾರದೆ ಮುಂದಿನ ಊರಿನಲ್ಲಿ ಇಳಿದು ನಡೆದು ಬರುತ್ತಿದ್ದಳಂತೆ. ಮನೆಯವರು ಚಿಂತೆ ಮಾಡಲಿಲ್ಲ, ಬದಲಿಗೆ ಹೊಗಳಿದರು: "ನಮ್ ಕೂಸು ತಲೆ ಎತ್ತಿ ಯಾರ್ನೂ ನೋಡಕ್ಕಿಲ್ಲ ಕಣಪ್ಪ, ಅಷ್ಟು ಒಳ್ಳೇದು." ಅದೇ ಗುಣ ಹೇಳಿ ಮದುವೆ ಮಾಡಿದರು. ಗಂಡು ನಡುಗಿದರೆ ಹೇಡಿ, ಹೆಣ್ಣು ನಡುಗಿದರೆ ಗುಣವಂತೆ. ಇಬ್ಬರಿಗೂ ಮದ್ದಿಲ್ಲ.

ಈಗ ನಮ್ಮ ಸಂಗಾತಿಗಳ ಮಾತಿಗೆ ಬರುತ್ತೇನೆ. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಬಗ್ಗೆ ಬೂಸಾ ಅನ್ನುವ ಮಾತಾಡಿದ್ದಕ್ಕೆ ನಮ್ಮ ಹುಡುಗರು ಏಟು ತಿಂದರು. ಬಾಯಿ ಬಿಟ್ಟರೆ ಏಟು ಅನ್ನುವ ಕಾಲದಲ್ಲಿ ಬಾಯಿ ಬಿಡುವುದೇ ಹೋರಾಟ ಆಗಿತ್ತು. ಅದಕ್ಕೇ ನಮ್ಮಲ್ಲಿ ಗಟ್ಟಿ ದನಿಗೆ ಅಷ್ಟು ಬೆಲೆ ಬಂತು. ಅದು ಸರಿಯಾಗಿತ್ತು. ಆದರೆ ಬರಬರುತ್ತಾ ಗಟ್ಟಿ ದನಿ ಇದ್ದವನೇ ಮನುಷ್ಯ ಅನ್ನುವಂತಾಯಿತು. ಕರಪತ್ರ ಬರೆದವನಿಗೆ, ಕೋರ್ಟಿನ ಕಾಗದ ಜೋಡಿಸಿದವನಿಗೆ, ರಾತ್ರಿಯೆಲ್ಲಾ ಗೋಡೆ ಬರಹ ಬರೆದವನಿಗೆ ವೇದಿಕೆಯಲ್ಲಿ ಕುರ್ಚಿ ಇಲ್ಲ, ಸಂಘದ ಚರಿತ್ರೆಯಲ್ಲಿ ಹೆಸರಿಲ್ಲ.

ಸಂಗಾತಿಯೊಬ್ಬರು ನನಗೆ ಹೇಳಿದರು: "ಇದೆಲ್ಲ ಉಳ್ಳವರ ಕಾಯಿಲೆ ಕಣಣ್ಣ. ನಾವು ಜಾತಿಯಿಂದ ಆದ ಗಾಯಕ್ಕೆ ಮಾತ್ರೆ ನುಂಗ್ತಾ ಕೂತ್ರೆ ಜಾತಿ ಹಂಗೇ ಉಳಿತದೆ." ಈ ಮಾತಿನಲ್ಲಿ ಅರ್ಧ ಸತ್ಯ ಇದೆ, ಅದನ್ನು ನಾನು ತಳ್ಳಿಹಾಕುವುದಿಲ್ಲ. ಕೇರಿಯ ಕಷ್ಟವನ್ನೆಲ್ಲ ಮನಸ್ಸಿನ ದೌರ್ಬಲ್ಯ ಅಂತ ಬರೆದು ಫೈಲು ಮುಚ್ಚುವವರು ಇದ್ದಾರೆ. ಆದರೆ ಅವರನ್ನು ಒಂದು ಪ್ರಶ್ನೆ ಕೇಳಿದೆ. ನಮ್ಮ ಕೇರಿಗಳಲ್ಲಿ ಕ್ಷಯ ಬಂದದ್ದು ಹಸಿವಿನಿಂದ, ಗಾಳಿ ಬೆಳಕಿಲ್ಲದ ಗುಡಿಸಲಿನಿಂದ. ಹಾಗಂತ ಬಡತನ ಹೋಗುವವರೆಗೆ ಕ್ಷಯದ ಮಾತ್ರೆ ಬೇಡ ಅಂದೆವಾ? ಮಾತ್ರೆಯನ್ನೂ ಕೇಳಿದೆವು, ಭೂಮಿಯನ್ನೂ ಕೇಳಿದೆವು. ಇದಕ್ಕೂ ಹಾಗೇ ಕೇಳಬೇಕು. ಜಾತಿ ನಾಶವಾಗುವ ದಿನದವರೆಗೆ ಈ ಹುಡುಗ ಕತ್ತಲೆ ಕೋಣೆಯಲ್ಲಿ ಕಾಯುತ್ತಾ ಕೂರಬೇಕಾ? ಅವರು ಸುಮ್ಮನಾದರು.

ಚಿಕಿತ್ಸೆ ಏನೋ ಮಾಯಮಂತ್ರ ಅಲ್ಲ. ಭಯದ ಜಾಗಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಹೋಗಿ, ತಪ್ಪಿಸಿಕೊಳ್ಳದೆ ನಿಂತು, ಎದೆಬಡಿತ ತಾನೇ ಇಳಿಯುವುದನ್ನು ಮೈಗೆ ಕಲಿಸುವುದು. ಜೊತೆಗೆ "ಎಲ್ಲರೂ ನನ್ನನ್ನು ಹಳಿಯುತ್ತಾರೆ" ಅನ್ನುವ ಯೋಚನೆಯನ್ನು ಒರೆಗೆ ಹಚ್ಚಿ ನೋಡುವುದು. ಬೇಕಾದವರಿಗೆ ಮಾತ್ರೆ. ಅದು ಕೆಲಸ ಮಾಡಲು ಕೆಲವು ವಾರ ಹಿಡಿಯುತ್ತದೆ, ನಮ್ಮಷ್ಟಕ್ಕೆ ನಾವೇ ನಿಲ್ಲಿಸಬಾರದು. ಮೈಕಿನ ಮುಂದೆ ನೂಕುವುದು ಚಿಕಿತ್ಸೆ ಅಲ್ಲ, ಅದು ಈಜು ಬಾರದವನನ್ನು ಬಾವಿಗೆ ತಳ್ಳಿದ ಹಾಗೆ. ನಾನು ಐವತ್ತರ ಮೇಲೆ ಕಲಿತೆ. ಈಗಲೂ ನಡುಗುತ್ತೇನೆ, ಆದರೆ ಓಡಿಹೋಗುವುದಿಲ್ಲ, ಕುಡಿಯುವುದಿಲ್ಲ.

ಸರ್ಕಾರದ ಕಾಗದದಲ್ಲಿ ಎಲ್ಲಾ ಇದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 18ನೇ ಕಲಮು ಸರ್ಕಾರಿ ಮಾನಸಿಕ ಚಿಕಿತ್ಸೆಯನ್ನು ಪ್ರತಿಯೊಬ್ಬನ ಹಕ್ಕು ಅನ್ನುತ್ತದೆ, ಜಾತಿಯ ಭೇದ ಮಾಡಬಾರದು ಅಂತ ಜಾತಿಯ ಹೆಸರು ಹಿಡಿದೇ ಹೇಳುತ್ತದೆ. ಬಡತನ ರೇಖೆಯ ಕೆಳಗಿನವರಿಗೆ ಪುಕ್ಕಟೆ. ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆ ಇನ್ನೊಂದು ಮಾತು ಹೇಳಿತು: ಆತಂಕ, ಖಿನ್ನತೆಯಂಥ ಸಾಮಾನ್ಯ ಮಾನಸಿಕ ಕಾಯಿಲೆ ಇರುವ ನೂರು ಜನರಲ್ಲಿ 85 ಜನಕ್ಕೆ ಚಿಕಿತ್ಸೆಯೇ ಸಿಕ್ಕಿಲ್ಲ. ನಿಮ್ಹಾನ್ಸ್ ಇರುವ ನಮ್ಮ ಕರ್ನಾಟಕವೇ ಆ 12ರಲ್ಲಿ ಇರಲಿಲ್ಲ. 2022ರ ಅಕ್ಟೋಬರಿನಲ್ಲಿ ಟೆಲಿ ಮಾನಸ್ ಅಂತ 14416 ನಂಬರು ಶುರುವಾಯಿತು. ದುಡ್ಡಿಲ್ಲದೆ, ಕನ್ನಡದಲ್ಲೇ ಮಾತಾಡಬಹುದು. ಒಳ್ಳೆಯದೇ. ಆದರೆ ಗುರುತಿಲ್ಲದವರ ಜೊತೆ ಫೋನಿನಲ್ಲಿ ಮಾತಾಡುವುದೇ ಈ ಕಾಯಿಲೆಯವನಿಗೆ ದೊಡ್ಡ ಭಯ. ಆಸ್ಪತ್ರೆಗೆ ಹೋದರೆ ಚೀಟಿ ಮಾಡಿಸುವ ಕಿಟಕಿಯಲ್ಲಿ "ಏನಾಗದೆ? ಜೋರಾಗಿ ಹೇಳಪ್ಪ" ಅಂತಾರೆ. ಕಾಲು ಮುರಿದವನಿಗೆ ಮಹಡಿ ಮೇಲೆ ಆಸ್ಪತ್ರೆ ಇಟ್ಟಂತೆ. ಅದಕ್ಕೇ ಜೊತೆಗೆ ಒಬ್ಬರು ಹೋಗಬೇಕು. ಆ ಒಬ್ಬರು ನಾವಾಗಬೇಕು.

ನನ್ನ ಒತ್ತಾಯಗಳು ಇವು. ಹಳ್ಳಿಯ ಮೇಷ್ಟ್ರುಗಳೇ, ಟೀಚರಮ್ಮಂದಿರೇ: ಸ್ಕಾಲರ್‌ಷಿಪ್ಪಿಗಾಗಲಿ ಯಾವುದಕ್ಕಾಗಲಿ ಮಕ್ಕಳ ಜಾತಿಯನ್ನು ಕ್ಲಾಸಿನಲ್ಲಿ ಕೂಗಬೇಡಿ, ಎದ್ದು ನಿಲ್ಲಿಸಬೇಡಿ. ಶಿಕ್ಷೆಗೆಂದು ಮಗುವನ್ನು ಎಲ್ಲರ ಮುಂದೆ ಓದಿಸಬೇಡಿ. ಮೊದಲು ಒಬ್ಬ ಗೆಳೆಯನಿಗೆ ಓದಿ ಹೇಳಲಿ, ಆಮೇಲೆ ಐದು ಜನಕ್ಕೆ, ಆಮೇಲೆ ಕ್ಲಾಸಿಗೆ. ಹಾಜರಿಯ ಹೊತ್ತಿಗೆ ದಿನಾ ತಪ್ಪಿಸಿಕೊಳ್ಳುವ ಮಗುವನ್ನು ಸೋಮಾರಿ ಅನ್ನುವ ಮುಂಚೆ ಒಬ್ಬನೇ ಇರುವಾಗ ಕೇಳಿ. ಸಂಘಟನೆಯ ಗೆಳೆಯರೇ: ಕೇಳದೆ ಯಾರ ಹೆಸರನ್ನೂ ಕರಪತ್ರಕ್ಕೆ ಹಾಕಬೇಡಿ. ಬರೆಯುವವನು, ಲೆಕ್ಕ ಇಡುವವನು ಭಾಷಣಕಾರನಷ್ಟೇ ಕಾರ್ಯಕರ್ತ ಅಂತ ಒಪ್ಪಿಕೊಳ್ಳಿ. ಹಕ್ಕೊತ್ತಾಯದ ಪಟ್ಟಿಯಲ್ಲಿ ಭೂಮಿ, ಹಾಸ್ಟೆಲು, ಸ್ಮಶಾನದ ಜೊತೆಗೆ ನಾಲ್ಕೂ ತಾಲೂಕು ಆಸ್ಪತ್ರೆಗಳಲ್ಲಿ ಮನಸ್ಸಿನ ಡಾಕ್ಟರು, ಪ್ರತಿ ಹಾಸ್ಟೆಲಿಗೆ ಆಪ್ತಸಲಹೆ ಅಂತಲೂ ಬರೆಯಿರಿ. ಬರುವ ಡಾಕ್ಟರಿಗೆ ಕೇರಿ ಅಂದರೇನು ಅಂತ ತಿಳಿದಿರಬೇಕು ಅಂತಲೂ ಬರೆಯಿರಿ.

ತಮ್ಮಾ, ತಂಗೀ, ಇದನ್ನು ಯಾರ ಕಣ್ಣಿಗೂ ಬೀಳದ ಮೂಲೆಯಲ್ಲಿ ಕೂತು ಓದುತ್ತಿರುವವರೇ, ನೀವು ಬಾಯಿ ಸತ್ತವರಲ್ಲ. ನಿಮಗಾಗಿರುವುದಕ್ಕೆ ಹೆಸರಿದೆ, ಮದ್ದಿದೆ. ಅದನ್ನು ಕೇಳಿ ಪಡೆಯುವುದು ಹೇಡಿತನ ಅಲ್ಲ. ನಂಬಿಕೆ ಇರುವ ಒಬ್ಬರಿಗೆ ಬಾಯಲ್ಲಿ ಹೇಳಲಾಗದಿದ್ದರೆ ಚೀಟಿಯಲ್ಲಿ ಬರೆದುಕೊಡಿ.

ಆ ಹುಡುಗನ ಮನೆಗೆ ಹೋಗಿದ್ದೆ. ಕ್ಷಮಿಸಪ್ಪ, ನಾನೂ ನಕ್ಕಿದ್ದೆ ಅಂದೆ. ತುಂಬಾ ಹೊತ್ತು ನೆಲ ನೋಡುತ್ತಾ ಕೂತಿದ್ದ. "ನೀವು ನಕ್ಕಿದ್ದು ನಾ ನೋಡಿದ್ದೆ ಸಾ" ಅಂದ. ಎರಡು ಸಲ ಅವನ ಜೊತೆ ಆಸ್ಪತ್ರೆಗೆ ಹೋಗಿಬಂದಿದ್ದೇನೆ. ಎರಡನೇ ಸಲ ಚೀಟಿಯ ಕಿಟಕಿಯಲ್ಲಿ ತನ್ನ ಹೆಸರನ್ನು ಅವನೇ ಹೇಳಿದ. ಕಾಲೇಜಿಗೆ ಇನ್ನೂ ಹೋಗಿಲ್ಲ. ಮುಂದಿನ ವಾರ ಮತ್ತೆ ಹೋಗಬೇಕು. ಬಸ್ಸು ಬೆಳಗ್ಗೆ ಏಳಕ್ಕೆ.